ಹೊಟ್ಟೆನೋವಿಗೂ ಒಂದು ವಂಶವೃಕ್ಷ

"ನಿಮ್ಮ ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯಾ? ಅಮ್ಮ, ಅಕ್ಕ-ತಂಗಿ, ಅತ್ತೆ, ದೊಡ್ಡಮ್ಮ, ಯಾರಿಗಾದರೂ?" ಎಂದು ಡಾಕ್ಟರು ಕೇಳಿದ್ದರು.

"ಇಲ್ಲ" ಎಂದೆ. ಯೋಚಿಸಲು ಒಂದು ಕ್ಷಣವನ್ನೂ ತೆಗೆದುಕೊಳ್ಳಲಿಲ್ಲ. ಅವರು ಫಾರಂನಲ್ಲಿ ಆ ಪ್ರಶ್ನೆಯ ಮುಂದೆ ಒಂದು ಅಡ್ಡಗೆರೆ ಎಳೆದು ಮುಂದಿನದಕ್ಕೆ ಹೋದರು.

ಇದು 17 ವರ್ಷದ ಹಿಂದಿನ ಮಾತು. ನನಗಾಗ 29. ಮದುವೆಯಾಗಿ ಡೊಂಬಿವಲಿಗೆ ಬಂದು ನಾಲ್ಕು ವರ್ಷವಾಗಿತ್ತು. ಮಗುವಾಗಲಿಲ್ಲವೆಂದು ಸೋನೋಗ್ರಫಿ ಮಾಡಿಸಿದಾಗ ಎಡಗಡೆಯ ಅಂಡಾಶಯದಲ್ಲಿ ಐದು ಸೆಂಟಿಮೀಟರಿನ ಗಡ್ಡೆ ಕಂಡಿತು. ಅದಕ್ಕೆ ಚಾಕೊಲೇಟ್ ಸಿಸ್ಟ್ ಎಂದು ಹೆಸರು. ಒಳಗೆ ತುಂಬಿದ ಹಳೆಯ ರಕ್ತ ಕರಗಿದ ಚಾಕೊಲೇಟಿನ ಬಣ್ಣಕ್ಕೆ ತಿರುಗಿರುತ್ತದೆ, ಅದಕ್ಕೆ ಆ ಹೆಸರು. ಲ್ಯಾಪರೋಸ್ಕೋಪಿ ಮಾಡಿ ತೆಗೆದರು. ಕಾಯಿಲೆಯ ಹೆಸರು ಎಂಡೊಮೆಟ್ರಿಯೋಸಿಸ್ ಎಂದು ಆ ದಿನ ಮೊದಲ ಬಾರಿ ಕೇಳಿದೆ. ಹೊಟ್ಟೆನೋವು ಮಾತ್ರ 14ನೇ ವಯಸ್ಸಿನಿಂದಲೇ ಇತ್ತು. ನೋವು ಶುರುವಾಗಿ ಅದಕ್ಕೊಂದು ಹೆಸರು ಸಿಗುವ ಹೊತ್ತಿಗೆ 15 ವರ್ಷ ಕಳೆದಿದ್ದವು.

ಈಗ ನನ್ನ ಮಗಳಿಗೆ 15. ಕಳೆದ ವರ್ಷದಿಂದ ತಿಂಗಳಿಗೆ ಎರಡು ದಿನ ಶಾಲೆ ತಪ್ಪುತ್ತಿದೆ. ಬಿಸಿನೀರಿನ ಚೀಲ ಹೊಟ್ಟೆಗೆ ಒತ್ತಿಕೊಂಡು ಹಾಲ್‌ನ ನೆಲದ ಮೇಲೆ ಮುದುಡಿ ಮಲಗುತ್ತಾಳೆ. ಒಂದು ದಿನ ಹಾಗೆ ಮಲಗಿದವಳು ಕೇಳಿದಳು: "ಅಮ್ಮ, ನಿಂಗೆ ಆಗಿದ್ದೇ ನಂಗೂ ಆಗಿದ್ಯಾ? ಇದು ಜೀನ್‌ನಲ್ಲಿ ಬರುತ್ತಾ?"

ನಾನು ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಪ್ರತಿ ವರ್ಷ ಹನ್ನೆರಡನೇ ತರಗತಿಗೆ ಮೆಂಡಲನ ಬಟಾಣಿಯಿಂದ ಹಿಡಿದು ವಂಶವೃಕ್ಷದ ನಕ್ಷೆಯವರೆಗೆ ಪಾಠ ಮಾಡುತ್ತೇನೆ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ರೋಗವಿದ್ದರೆ ಒಳಗೆ ಬಣ್ಣ ತುಂಬು, ಇಲ್ಲದಿದ್ದರೆ ಖಾಲಿ ಬಿಡು. ಆದರೆ ಮಗಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅಂದು ರಾತ್ರಿ ಕುಳಿತು ನಮ್ಮ ಮನೆಯದೇ ನಕ್ಷೆ ಬರೆದೆ. ನನ್ನ ವೃತ್ತಕ್ಕೆ ಬಣ್ಣ ತುಂಬಿದೆ. ಉಳಿದ ಯಾವ ವೃತ್ತವನ್ನೂ ಖಾಲಿ ಬಿಡುವ ಧೈರ್ಯವಾಗಲಿಲ್ಲ, ತುಂಬುವ ಆಧಾರವೂ ಇರಲಿಲ್ಲ. 17 ವರ್ಷದ ಹಿಂದೆ ಡಾಕ್ಟರಿಗೆ ನಾನು "ಇಲ್ಲ" ಎಂದದ್ದು ತಪ್ಪು, "ಗೊತ್ತಿಲ್ಲ" ಎನ್ನಬೇಕಿತ್ತು.

ಹಿಂದಕ್ಕೆ ಹರಿಯುವ ರಕ್ತ

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು. ಗರ್ಭಕೋಶದ ಒಳಗೋಡೆಗೆ ಒಂದು ಪದರವಿರುತ್ತದೆ. ಅದು ಪ್ರತಿ ತಿಂಗಳು ದಪ್ಪವಾಗಿ, ಗರ್ಭ ನಿಲ್ಲದಿದ್ದರೆ ಮುಟ್ಟಿನಲ್ಲಿ ಹೊರಗೆ ಹೋಗುತ್ತದೆ. ಅದೇ ಬಗೆಯ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಹೊಟ್ಟೆಯ ಒಳಪೊರೆಯ ಮೇಲೆ, ಕರುಳು ಮೂತ್ರಕೋಶಗಳ ಮೇಲೆ ಬೆಳೆದರೆ ಅದು ಎಂಡೊಮೆಟ್ರಿಯೋಸಿಸ್. ಹೊರಗೆ ಬೆಳೆದದ್ದೂ ಹಾರ್ಮೋನಿನ ಮಾತು ಕೇಳುತ್ತದೆ, ರಕ್ತ ಸುರಿಸುತ್ತದೆ. ಆ ರಕ್ತಕ್ಕೆ ಹೋಗಲು ದಾರಿಯಿಲ್ಲ. ಸುತ್ತ ಉರಿಯೂತವಾಗುತ್ತದೆ, ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮುಟ್ಟಿನಲ್ಲಿ ತಡೆಯಲಾರದ ನೋವು, ಕೆಲವರಿಗೆ ಮಲಮೂತ್ರ ಮಾಡುವಾಗ ನೋವು, ಗಂಡಹೆಂಡಿರ ಕೂಡುವಿಕೆಯಲ್ಲಿ ನೋವು, ಸದಾ ಸುಸ್ತು, ಮಗುವಾಗಲು ತೊಂದರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ಸುಮಾರು ಶೇ. 10 ಮಂದಿಗೆ, ಅಂದರೆ ಜಗತ್ತಿನಲ್ಲಿ 19 ಕೋಟಿ ಜನರಿಗೆ ಇದಿದೆ. ಡೊಂಬಿವಲಿಯಿಂದ ಬೆಳಗ್ಗೆ ಹೊರಡುವ ಲೋಕಲ್‌ನ ಒಂದು ಲೇಡೀಸ್ ಡಬ್ಬಿಯಲ್ಲಿ ಎಷ್ಟು ಮಂದಿ ಇರಬಹುದೆಂದು ನೀವೇ ಲೆಕ್ಕ ಹಾಕಿ.

ಇದು ಯಾಕೆ ಬರುತ್ತದೆ? ಅಮೆರಿಕದ ಜಾನ್ ಸ್ಯಾಂಪ್ಸನ್ ಎಂಬ ವೈದ್ಯರು 1920ರ ದಶಕದಲ್ಲಿ ಒಂದು ವಿವರಣೆ ಕೊಟ್ಟರು. ಮುಟ್ಟಿನ ರಕ್ತ ಪೂರ್ತಿ ಕೆಳಕ್ಕೇ ಹೋಗುವುದಿಲ್ಲ, ಸ್ವಲ್ಪ ಭಾಗ ಅಂಡನಾಳದ ಮೂಲಕ ಹಿಂದಕ್ಕೆ ಹೊಟ್ಟೆಯೊಳಗೆ ಹರಿಯುತ್ತದೆ, ಅದರಲ್ಲಿದ್ದ ಜೀವಕೋಶಗಳು ಅಲ್ಲಿ ನೆಲೆಯೂರುತ್ತವೆ ಎಂದು. ಇಂದಿಗೂ ಹೆಚ್ಚು ಜನ ಒಪ್ಪುವ ವಿವರಣೆ ಅದೇ. ಆದರೆ ಅದರಲ್ಲೊಂದು ತೊಡಕಿದೆ. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಂಡನಾಳ ತೆರೆದಿರುವ ಹೆಂಗಸರಲ್ಲಿ ಶೇ. 90ರಷ್ಟು ಮಂದಿಯಲ್ಲಿ ಮುಟ್ಟಿನ ಹೊತ್ತಿಗೆ ಹೊಟ್ಟೆಯೊಳಗೆ ರಕ್ತವಿತ್ತು. ಹತ್ತರಲ್ಲಿ ಒಂಬತ್ತು ಜನರಿಗೆ ರಕ್ತ ಹಿಂದಕ್ಕೆ ಹರಿಯುತ್ತದೆ, ಕಾಯಿಲೆ ಬರುವುದು ಹತ್ತರಲ್ಲಿ ಒಬ್ಬರಿಗೆ. ಹಾಗಾದರೆ ಆ ಒಬ್ಬರ ಮೈಯಲ್ಲಿ ಬೇರೆ ಏನಿದೆ? ವಂಶವಾಹಿಗಳ ಹುಡುಕಾಟ ಶುರುವಾದದ್ದು ಈ ಪ್ರಶ್ನೆಯಿಂದ.

ಹೆಂಡತಿಯ ತಂಗಿ, ಗಂಡನ ತಂಗಿ

1980ರಲ್ಲಿ ಅಮೆರಿಕದ ಜೋ ಲೀ ಸಿಂಪ್ಸನ್ ಮತ್ತು ಸಂಗಡಿಗರು ಸರಳವಾದ ಒಂದು ಕೆಲಸ ಮಾಡಿದರು. ಎಂಡೊಮೆಟ್ರಿಯೋಸಿಸ್ ಇದ್ದ 123 ಹೆಂಗಸರ ಮನೆತನದ ವಿವರ ಕೇಳಿದರು. ಅವರ ತಾಯಂದಿರಲ್ಲಿ ಶೇ. 8.1, ಅಕ್ಕತಂಗಿಯರಲ್ಲಿ ಶೇ. 5.9 ಮಂದಿಗೆ ಕಾಯಿಲೆ ಇತ್ತು. ಹೋಲಿಕೆಗೆ ಯಾರನ್ನು ತೆಗೆದುಕೊಂಡರು ಗೊತ್ತೇ? ಅದೇ ಹೆಂಗಸರ ಗಂಡಂದಿರ ಅಮ್ಮ ಮತ್ತು ಅಕ್ಕತಂಗಿಯರನ್ನು. ಅತ್ತೆ-ನಾದಿನಿಯರಲ್ಲಿ ಆ ಪ್ರಮಾಣ ಶೇ. 1ರ ಆಸುಪಾಸು ಮಾತ್ರ. ಅತ್ತೆ-ನಾದಿನಿಯರು ವಿಜ್ಞಾನಕ್ಕೆ ಇಷ್ಟು ಉಪಕಾರ ಮಾಡಿದ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ.

ಆದರೆ ಒಂದೇ ಮನೆಯವರು ಒಂದೇ ಅಡುಗೆ ಉಣ್ಣುತ್ತಾರೆ, ಒಂದೇ ಊರಿನ ನೀರು ಕುಡಿಯುತ್ತಾರೆ. ಕಾಯಿಲೆ ರಕ್ತದಿಂದ ಬಂತೋ ವಾತಾವರಣದಿಂದ ಬಂತೋ ಬಿಡಿಸುವುದು ಹೇಗೆ? ಇದಕ್ಕೆ ಅವಳಿಗಳು ಬೇಕು. ಏಕರೂಪದ ಅವಳಿಗಳ ಡಿಎನ್‌ಎ ಒಂದೇ. ಬೇರೆ ಬೇರೆ ರೂಪದ ಅವಳಿಗಳಲ್ಲಿ ಸರಾಸರಿ ಅರ್ಧ ಸಮಾನ, ಮಾಮೂಲಿ ಅಕ್ಕತಂಗಿಯರ ಹಾಗೆ. ಇಬ್ಬರೂ ಒಂದೇ ಮನೆಯಲ್ಲಿ ಬೆಳೆದವರೇ. ಏಕರೂಪದ ಅವಳಿಗಳಲ್ಲಿ ಕಾಯಿಲೆ ಜೊತೆಜೊತೆಯಾಗಿ ಬರುವುದು ಹೆಚ್ಚಾಗಿದ್ದರೆ ಅದು ವಂಶವಾಹಿಯ ಕೆಲಸ. 1999ರಲ್ಲಿ ಆಸ್ಟ್ರೇಲಿಯಾದ ಸೂ ಟ್ರೆಲೋರ್ ತಂಡ 3,096 ಅವಳಿ ಹೆಂಗಸರ ಮಾಹಿತಿಯಿಂದ ಈ ಲೆಕ್ಕ ಹಾಕಿ, ವಂಶವಾಹಿಗಳ ಪಾಲು ಶೇ. 51 ಎಂದು ಹೇಳಿತು. 2015ರಲ್ಲಿ ಸ್ವೀಡನ್ನಿನ ಅವಳಿಗಳ ಅಧ್ಯಯನದಲ್ಲಿ ಅದು ಶೇ. 47 ಬಂತು. ದೂರದ ಎರಡು ದೇಶ, ಬಂದ ಉತ್ತರ ಹೆಚ್ಚುಕಡಿಮೆ ಒಂದೇ. ಐಸ್‌ಲ್ಯಾಂಡಿನವರು ತಮ್ಮ ದೇಶದ ವಂಶಾವಳಿ ದಾಖಲೆಗಳಲ್ಲಿ 750 ರೋಗಿಗಳನ್ನು ಗುರುತಿಸಿ 2002ರಲ್ಲಿ ಲೆಕ್ಕ ಹಾಕಿದಾಗ, ರೋಗಿಯ ಅಕ್ಕತಂಗಿಯರಿಗೆ ಅಪಾಯ ಸುಮಾರು ಐದು ಪಟ್ಟು, ಚಿಕ್ಕಪ್ಪ-ದೊಡ್ಡಪ್ಪ, ಅತ್ತೆ-ಮಾವಂದಿರ ಹೆಣ್ಣುಮಕ್ಕಳಿಗೆ ಸುಮಾರು ಒಂದೂವರೆ ಪಟ್ಟು ಎಂದು ಕಂಡಿತು.

ಇಲ್ಲಿ ನನ್ನ ವಿದ್ಯಾರ್ಥಿಗಳೂ ಎಡವುತ್ತಾರೆ, ಪತ್ರಿಕೆಯವರೂ ಎಡವುತ್ತಾರೆ. ಶೇ. 51 ಎಂದರೆ ನನ್ನ ಮಗಳಿಗೆ ಈ ಕಾಯಿಲೆ ಬರುವ ಸಾಧ್ಯತೆ ಶೇ. 51 ಎಂದಲ್ಲ. ಒಂದು ದೊಡ್ಡ ಗುಂಪಿನಲ್ಲಿ ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂಬ ವ್ಯತ್ಯಾಸದಲ್ಲಿ ಅರ್ಧದಷ್ಟಕ್ಕೆ ವಂಶವಾಹಿಗಳು ಕಾರಣ ಎಂದಷ್ಟೇ ಅದರ ಅರ್ಥ. ಸಿಂಪ್ಸನ್ ಅಂಕಿಯನ್ನೇ ತಿರುಗಿಸಿ ಓದಿ. ನೂರು ಅಕ್ಕತಂಗಿಯರಲ್ಲಿ 94 ಮಂದಿಗೆ ಕಾಯಿಲೆ ಪತ್ತೆಯಾಗಿರಲಿಲ್ಲ.

ಊರಿಗೆ ಮಾಡಿದ ಫೋನು

ಇಷ್ಟು ಓದಿದ ಮೇಲೆ ಉಡುಪಿಗೆ, ಅಮ್ಮನಿಗೆ ಫೋನು ಮಾಡಿದೆ. "ಅಮ್ಮ, ನಿಮಗೆ ಮುಟ್ಟಿನಲ್ಲಿ ತುಂಬ ನೋವು ಇತ್ತಾ?"

"ಅದೆಲ್ಲ ಈಗ ಎಂತಕ್ಕೆ ಮಾರಾಯ್ತಿ?" ಎಂದರು. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ಹಾಗಾದ್ರೆ ನನ್ನಿಂದ ಬಂದದ್ದಾ?"

ಈ ಪ್ರಶ್ನೆ ಬರುತ್ತದೆಂದು ನಾನು ಎಣಿಸಿಯೇ ಇರಲಿಲ್ಲ. ವಂಶವಾಹಿ ಎಂಬ ಶಬ್ದ ಕೇಳಿದ ಕೂಡಲೇ ತಾಯಂದಿರಿಗೆ ಕಾಣುವುದು ತಮ್ಮ ತಪ್ಪು. ಯಾರೂ ತಮ್ಮ ಜೀನ್ ಆರಿಸಿಕೊಂಡು ಹುಟ್ಟುವುದಿಲ್ಲ, ಆರಿಸಿ ಮಕ್ಕಳಿಗೆ ಕೊಡುವುದೂ ಇಲ್ಲ ಎಂದು ಹೇಳಿದೆ. ನನ್ನ ಮಗಳಿಗೆ ನಾನೂ ಇದನ್ನೇ ಹೇಳಿಕೊಳ್ಳಬೇಕಿತ್ತು.

ಅಮ್ಮನಿಗೆ ಅಂಥ ನೋವು ಇರಲಿಲ್ಲ. ದೊಡ್ಡಮ್ಮನಿಗೂ ಇಲ್ಲ, ಚಿಕ್ಕಮ್ಮನಿಗೂ ಇಲ್ಲ. ದೊಡ್ಡಮ್ಮ ಮಾತ್ರ ಒಂದು ಬುದ್ಧಿಮಾತು ಹೇಳಿದರು: "ಊರಿಡೀ ಕೇಳಿಕೊಂಡು ಬರಬೇಡ. ನಾಳೆ ಹುಡುಗಿಗೆ ಸಂಬಂಧ ನೋಡುವಾಗ ಇದೇ ಮಾತು ಮುಂದೆ ಬರ್ತದೆ."

ಅಮ್ಮನ ಕಡೆ ಮುಗಿಯಿತು ಎಂದುಕೊಂಡು ನಕ್ಷೆ ಮಡಚಿಡುವವಳಿದ್ದೆ. ಆಗ ಹೊಳೆಯಿತು, ನಾನು ಅರ್ಧ ನಕ್ಷೆ ಮಾತ್ರ ಕೇಳಿದ್ದೇನೆ. ನನ್ನ ಡಿಎನ್‌ಎಯಲ್ಲಿ ಅರ್ಧ ಅಪ್ಪನದು. ಅಪ್ಪನಿಗೆ ಗರ್ಭಕೋಶವಿಲ್ಲ, ಆದ್ದರಿಂದ ಕಾಯಿಲೆ ಅವರಲ್ಲಿ ಕಾಣಿಸದು. ಆದರೆ ಅದಕ್ಕೆ ದಾರಿ ಮಾಡುವ ವಂಶವಾಹಿಗಳು ಅವರ ಮೂಲಕ ಸದ್ದಿಲ್ಲದೆ ದಾಟಿ ಬರಬಹುದು. ಹೆಂಗಸರ ಕಾಯಿಲೆ ಎಂದರೆ ಅಮ್ಮನ ಕಡೆ ಮಾತ್ರ ಕೇಳುವುದು ನಮ್ಮ ಅಭ್ಯಾಸ. ಪಾಠ ಮಾಡುವ ನಾನೇ ಅದೇ ತಪ್ಪು ಮಾಡಿದ್ದೆ.

ಅಪ್ಪನ ತಂಗಿ, ನನ್ನ ಅತ್ತೆ, ಕುಂದಾಪುರದ ಹತ್ತಿರ ಇದ್ದಾರೆ. ಈಗ 74. ಮಕ್ಕಳಿಲ್ಲ. ಚಿಕ್ಕವಳಿದ್ದಾಗ ನಾನು ಕಂಡ ಅತ್ತೆ ಎಂದರೆ ತಿಂಗಳಲ್ಲಿ ನಾಲ್ಕು ದಿನ ಹಿಂದಿನ ಚಾವಡಿಯಲ್ಲಿ ಚಾಪೆ ಹಾಸಿ ಗೋಡೆಗೆ ಮುಖ ಮಾಡಿ ಮಲಗಿದವರು. "ಅವಳದ್ದು ನಾಟಕ, ಕೆಲಸ ತಪ್ಪಿಸಲಿಕ್ಕೆ" ಎಂಬ ಮಾತು ಅಡುಗೆಮನೆಯಲ್ಲಿ ಓಡಾಡುತ್ತಿತ್ತು. ಓಮದ ಕಷಾಯ ಕಾಸಿ ಕೊಟ್ಟರೆ ಔಷಧ ಮುಗಿಯಿತು. 33ನೇ ವಯಸ್ಸಿಗೆ ಗರ್ಭಕೋಶ ತೆಗೆಸಿದರು.

ಫೋನು ಮಾಡಿ ಕೇಳಿದಾಗ ಅವರಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಮಾತು ನಿಲ್ಲಲಿಲ್ಲ. 13ರಿಂದ ನೋವು. ಮದುವೆಯಾದರೆ ಸರಿಹೋಗುತ್ತದೆ ಎಂದರು, ಹೋಗಲಿಲ್ಲ. ಮಕ್ಕಳಾದರೆ ಸರಿಹೋಗುತ್ತದೆ ಎಂದರು, ಮಕ್ಕಳಾಗಲಿಲ್ಲ. ಆಪರೇಶನ್ ಮಾಡಿದ ಡಾಕ್ಟರು ಹೊರಗೆ ಬಂದು ಮಾವನವರಿಗೆ, "ಒಳಗೆಲ್ಲ ಅಂಟಿಕೊಂಡಿದೆ, ಕಪ್ಪು ರಕ್ತ ತುಂಬಿತ್ತು" ಎಂದಿದ್ದರಂತೆ. ಅದಕ್ಕೊಂದು ಹೆಸರು ಹೇಳಿದ್ದು ಅವರಿಗೆ ನೆನಪಿಲ್ಲ. ಗರ್ಭಕೋಶ ತೆಗೆದ ಮೇಲೂ ಎರಡು ಮೂರು ವರ್ಷ ನೋವು ಪೂರ್ತಿ ಹೋಗಲಿಲ್ಲ. ಅದೂ ಆಶ್ಚರ್ಯವಲ್ಲ. ಈ ಕಾಯಿಲೆಯ ಬೀಡು ಗರ್ಭಕೋಶದ ಹೊರಗಿರುವುದರಿಂದ, ಅದೊಂದನ್ನೇ ತೆಗೆದರೆ ಎಲ್ಲರಿಗೂ ನೋವು ಮುಗಿಯುತ್ತದೆಂಬ ಭರವಸೆಯಿಲ್ಲ.

ಎಲ್ಲ ಹೇಳಿ ಮುಗಿಸಿ ಅತ್ತೆ ಕೇಳಿದರು: "ಅಂದ್ರೆ ಅದು ನಿಜವಾದ ಕಾಯಿಲೆಯೇ, ಅಲ್ವಾ? ನಾನು ಸುಮ್ಮನೆ ಮಲಗಿದ್ದಲ್ಲ."

ಅಲ್ಲ ಅತ್ತೆ ಎಂದೆ. ಅಮ್ಮನಿಗೆ ಈ ಮಾತು ಹೇಳಿದಾಗ ಅವರು ಏನೂ ಹೇಳಲಿಲ್ಲ. ಮರುದಿನ ಅತ್ತೆಗೆ ತಾವೇ ಫೋನು ಮಾಡಿದರಂತೆ. ಏನು ಮಾತಾಡಿದರೋ ನಾನು ಕೇಳಲು ಹೋಗಿಲ್ಲ.

300 ಕೋಟಿ ಅಕ್ಷರಗಳಲ್ಲಿ ಹುಡುಕಾಟ

ವಂಶದಲ್ಲಿ ಬರುತ್ತದೆ ಎಂದು ತಿಳಿಯುವುದು ಒಂದು, ಯಾವ ವಂಶವಾಹಿ ಎಂದು ಹಿಡಿಯುವುದು ಇನ್ನೊಂದು. ಮನುಷ್ಯನ ಡಿಎನ್‌ಎ ಸುಮಾರು 300 ಕೋಟಿ ಅಕ್ಷರಗಳ ಪುಸ್ತಕ. ಮೊದಲು ವಿಜ್ಞಾನಿಗಳು ಹಲವರಿಗೆ ಕಾಯಿಲೆ ಇರುವ ಕುಟುಂಬಗಳನ್ನು ಹುಡುಕಿ, ಅವರೆಲ್ಲರೂ ಪುಸ್ತಕದ ಯಾವ ಅಧ್ಯಾಯವನ್ನು ಹಂಚಿಕೊಂಡಿದ್ದಾರೆಂದು ನೋಡಿದರು. 2005ರಲ್ಲಿ ಆಸ್ಟ್ರೇಲಿಯಾ ಮತ್ತು ಬ್ರಿಟನ್ನಿನ 1,176 ಕುಟುಂಬಗಳ ಅಧ್ಯಯನ 10ನೇ ವರ್ಣತಂತುವಿನ ಕಡೆ ಬೆರಳು ತೋರಿಸಿತು. ಮೂರು ಮತ್ತು ಅದಕ್ಕಿಂತ ಹೆಚ್ಚು ಮಂದಿಗೆ ಕಾಯಿಲೆ ಇದ್ದ ಕುಟುಂಬಗಳನ್ನು ಪ್ರತ್ಯೇಕವಾಗಿ ನೋಡಿದಾಗ 2007ರಲ್ಲಿ 7ನೇ ವರ್ಣತಂತುವಿನಲ್ಲಿ ಸುಳಿವು ಸಿಕ್ಕಿತು.

ಆ ಸುಳಿವು ಒಂದು ಜೀನ್ ಆಗಲು ಇನ್ನೂ 14 ವರ್ಷ ಬೇಕಾಯಿತು. 2021ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ, ಅಮೆರಿಕದ ಬೇಲರ್ ವೈದ್ಯಕೀಯ ಕಾಲೇಜು, ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಮತ್ತು ಬೇಯರ್ ಕಂಪನಿಯ ವಿಜ್ಞಾನಿಗಳು ಸೇರಿ ಎನ್‌ಪಿಎಸ್‌ಆರ್1 ಎಂಬ ಜೀನ್ ಅನ್ನು ಗುರುತಿಸಿದರು. ಇದರಲ್ಲಿ ಕೋತಿಗಳ ಪಾತ್ರವೂ ಇದೆ. ಪ್ರಯೋಗಾಲಯದ ಸಾಮಾನ್ಯ ಇಲಿಗೆ ಮುಟ್ಟಿಲ್ಲ, ಆದ್ದರಿಂದ ಈ ಕಾಯಿಲೆ ತಾನಾಗಿ ಬರುವುದಿಲ್ಲ. ರೀಸಸ್ ಕೋತಿಗೆ ಮುಟ್ಟಾಗುತ್ತದೆ, ಎಂಡೊಮೆಟ್ರಿಯೋಸಿಸ್ ಕೂಡ ಬರುತ್ತದೆ. ಮನುಷ್ಯರ ಕುಟುಂಬಗಳಲ್ಲಿ ಕಂಡ ಜೀನ್ ಕೋತಿಗಳ ಕುಟುಂಬದಲ್ಲೂ ಕಾಣಿಸಿತು. ಆ ಜೀನ್ ತಯಾರಿಸುವ ಪ್ರೋಟೀನಿಗೆ ತಡೆಹಾಕುವ ಒಂದು ರಾಸಾಯನಿಕವನ್ನು ಇಲಿಗಳಿಗೆ ಕೊಟ್ಟಾಗ ಉರಿಯೂತ, ಹೊಟ್ಟೆನೋವು ಎರಡೂ ಇಳಿದವು. ಇಂದಿನ ಮುಖ್ಯ ಔಷಧಿಗಳೆಲ್ಲ ನೋವಿನ ಮಾತ್ರೆ, ಇಲ್ಲವೇ ಹಾರ್ಮೋನ್. ಹಾರ್ಮೋನ್ ಮುಟ್ಟದೆ ನೋವನ್ನು ಹಿಡಿಯುವ ಔಷಧಿಗೆ ದಾರಿ ಸಿಗಬಹುದೆಂಬ ಆಸೆ ಇಲ್ಲಿ ಹುಟ್ಟಿದೆ. ಇಲಿಯಿಂದ ಮನುಷ್ಯರ ಔಷಧಿಯಂಗಡಿಯವರೆಗೆ ದಾರಿ ಉದ್ದ, ಅದೂ ನಿಜ.

ಎರಡನೇ ವಿಧಾನ ಇನ್ನೂ ದೊಡ್ಡದು. ಕಾಯಿಲೆ ಇರುವ ಸಾವಿರಾರು ಜನ, ಇಲ್ಲದ ಸಾವಿರಾರು ಜನ, ಇವರ ಡಿಎನ್‌ಎಯನ್ನು ಲಕ್ಷಗಟ್ಟಲೆ ಜಾಗಗಳಲ್ಲಿ ಅಕ್ಷರ ಅಕ್ಷರ ಹೋಲಿಸುವುದು. ಇಷ್ಟು ಜಾಗಗಳಲ್ಲಿ ಹುಡುಕಿದರೆ ಆಕಸ್ಮಿಕವಾಗಿಯೂ ಏನಾದರೂ ಸಿಕ್ಕಿಯೇ ಸಿಗುತ್ತದೆ. ಅದಕ್ಕೆ ಕಟ್ಟುನಿಟ್ಟಿನ ನಿಯಮವಿದೆ: ಆಕಸ್ಮಿಕವಾಗಿ ಹಾಗಾಗುವ ಸಾಧ್ಯತೆ 2 ಕೋಟಿಯಲ್ಲಿ ಒಂದಕ್ಕಿಂತ ಕಡಿಮೆಯಿದ್ದರೆ ಮಾತ್ರ ಲೆಕ್ಕಕ್ಕೆ. ಇಂಥ ಮೊದಲ ಫಲ ಬಂದದ್ದು 2010ರಲ್ಲಿ, ಜಪಾನಿನಿಂದ, 1,907 ರೋಗಿಗಳಿಂದ. 2017ರ ಹೊತ್ತಿಗೆ 17,045 ರೋಗಿಗಳನ್ನು ಒಟ್ಟುಗೂಡಿಸಿದಾಗ ಸಿಕ್ಕ ಜಾಗಗಳು 14. 2023ರ ಮಾರ್ಚ್‌ನಲ್ಲಿ ಆಕ್ಸ್‌ಫರ್ಡಿನ ಕ್ರೀನಾ ಜಾಂಡರ್‌ವಾನ್, ನಿಲುಫರ್ ರಹ್ಮಿಯೋಗ್ಲು ಮುಂದಾಳತ್ವದಲ್ಲಿ ಹಲವು ದೇಶಗಳ ತಂಡಗಳು ಸೇರಿ 60,674 ರೋಗಿಗಳನ್ನೂ 7,01,926 ಆರೋಗ್ಯವಂತರನ್ನೂ ಹೋಲಿಸಿ 42 ಜಾಗಗಳ ಪಟ್ಟಿ ಕೊಟ್ಟವು.

ಈ ವರ್ಷಗಳಲ್ಲಿ ಸಿಕ್ಕ ಹೆಸರುಗಳನ್ನು ನೋಡಿದರೆ ಕಾಯಿಲೆಯ ಕಥೆ ಸ್ವಲ್ಪ ಅರ್ಥವಾಗುತ್ತದೆ. ಡಬ್ಲ್ಯುಎನ್‌ಟಿ4 ಎಂಬುದು ಹೆಣ್ಣುಭ್ರೂಣದಲ್ಲಿ ಜನನಾಂಗಗಳು ರೂಪುಗೊಳ್ಳಲು ಬೇಕಾದ ಜೀನ್. ಇಎಸ್‌ಆರ್1 ಈಸ್ಟ್ರೋಜೆನ್ ಹಾರ್ಮೋನಿನ ಮಾತು ಕೇಳಿಸಿಕೊಳ್ಳುವ ಕಿವಿ. ಎಫ್‌ಎಸ್‌ಎಚ್‌ಬಿ ಅಂಡಾಶಯಕ್ಕೆ ಆಜ್ಞೆ ಕೊಡುವ ಹಾರ್ಮೋನಿನ ಒಂದು ಭಾಗ. 2023ರ ಅಧ್ಯಯನ ಇನ್ನೂ ಎರಡು ಸಂಗತಿ ಹೇಳಿತು. ಅಂಡಾಶಯದಲ್ಲಿ ಗಡ್ಡೆ ಕಟ್ಟುವ ಬಗೆಗೂ ಬೇರೆ ಕಡೆ ಹರಡುವ ಬಗೆಗೂ ವಂಶವಾಹಿಯ ಹಿನ್ನೆಲೆ ಬೇರೆ ಬೇರೆ. ಮತ್ತೆ, ಎಂಡೊಮೆಟ್ರಿಯೋಸಿಸ್‌ಗೆ ಕಾರಣವಾಗುವ ಕೆಲವು ಜಾಗಗಳು ಮೈಗ್ರೇನ್, ಬೆನ್ನುನೋವು, ದೇಹದ ಹಲವೆಡೆ ಕಾಡುವ ದೀರ್ಘಕಾಲದ ನೋವು ಇವಕ್ಕೂ ಸಂಬಂಧಿಸಿದವು. ನೋವನ್ನು ನರಗಳು ಹೇಗೆ ಸಾಗಿಸುತ್ತವೆ ಎಂಬುದರಲ್ಲೇ ವ್ಯತ್ಯಾಸವಿರಬಹುದು ಎಂದು ಇದರ ಅರ್ಥ. ನನಗೆ ತಲೆನೋವಿನ ಕಾಟವೂ ಇದೆ. ಎರಡಕ್ಕೂ ನಂಟಿರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ಇಷ್ಟೆಲ್ಲ ಸಿಕ್ಕರೂ, 42 ಜಾಗಗಳೂ ಸೇರಿ ವಿವರಿಸುವುದು ಕಾಯಿಲೆಯ ವ್ಯತ್ಯಾಸದ ಸುಮಾರು ಶೇ. 5 ಮಾತ್ರ. ಅವಳಿಗಳ ಲೆಕ್ಕದಲ್ಲಿ ವಂಶವಾಹಿಗಳ ಪಾಲು ಅರ್ಧದಷ್ಟಿತ್ತು. ಉಳಿದದ್ದು ಎಲ್ಲಿ? ಒಂದೊಂದೂ ಚಿಟಿಕೆಯಷ್ಟೇ ಪರಿಣಾಮ ಮಾಡುವ ನೂರಾರು ಜಾಗಗಳಲ್ಲಿ ಹರಡಿರಬಹುದು, ಕೆಲವೇ ಮನೆತನಗಳಲ್ಲಿ ಕಾಣುವ ಅಪರೂಪದ ಬದಲಾವಣೆಗಳಲ್ಲಿ ಇರಬಹುದು. ನನ್ನ ಪಾಠದ ಬಟಾಣಿಯ ಹಾಗೆ ಒಂದು ಜೀನ್, ಒಂದು ಗುಣ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಪರೇಲಿನ ಆ ಕಟ್ಟಡ

ಈ ಅಂಕಿಗಳನ್ನೆಲ್ಲ ಟಿಪ್ಪಣಿ ಮಾಡುತ್ತ ಹೋದಾಗ ಒಂದು ವಿಷಯ ಚುಚ್ಚಿತು. 2023ರ ಆ ದೊಡ್ಡ ಅಧ್ಯಯನದಲ್ಲಿದ್ದವರು ಯುರೋಪ್ ಮೂಲದವರು ಮತ್ತು ಪೂರ್ವ ಏಷ್ಯಾ ಮೂಲದವರು. ಆರು ಲಕ್ಷವಿರಲಿ, ಏಳು ಲಕ್ಷವಿರಲಿ, ಅದರಲ್ಲಿ ನನ್ನ ಅತ್ತೆಯಂಥವರಿಗೆ ಜಾಗವಿರಲಿಲ್ಲ. ಡಿಎನ್‌ಎಯ ಅಕ್ಷರಭೇದಗಳು ಎಲ್ಲ ಜನಸಮುದಾಯಗಳಲ್ಲಿ ಒಂದೇ ಪ್ರಮಾಣದಲ್ಲಿರುವುದಿಲ್ಲ. ಅಲ್ಲಿ ಸಿಕ್ಕ ಸೂಚನೆಯನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲು ಬರುವುದಿಲ್ಲ.

ಆಮೇಲೆ ತಿಳಿದದ್ದು, ಇದಕ್ಕೆ ಉತ್ತರ ಹುಡುಕುವ ಕೆಲಸ ನಮ್ಮ ಮುಂಬೈಯಲ್ಲೇ ನಡೆಯುತ್ತಿದೆ ಎಂದು. ಪರೇಲಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ ರಾಷ್ಟ್ರೀಯ ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ ಸಂಶೋಧನಾ ಸಂಸ್ಥೆ ಇದೆ. ಕೆಇಎಂ, ಟಾಟಾ ಆಸ್ಪತ್ರೆಗಳಿಗೆಂದು ಆ ಕಡೆ ಎಷ್ಟು ಸಲ ಓಡಾಡಿದ್ದೇನೆ, ಆ ಫಲಕ ಓದಿದ ನೆನಪಿಲ್ಲ. ಅಲ್ಲಿನ ಡಾ. ರಾಹುಲ್ ಗಜಭಿಯೆ ಅವರ ನೇತೃತ್ವದಲ್ಲಿ, ಆಕ್ಸ್‌ಫರ್ಡಿನ ಸಹಯೋಗದೊಂದಿಗೆ, ಭಾರತದ ಹೆಂಗಸರಲ್ಲಿ ಎಂಡೊಮೆಟ್ರಿಯೋಸಿಸ್‌ನ ಲಕ್ಷಣ ಮತ್ತು ವಂಶವಾಹಿಗಳ ಅಧ್ಯಯನ ನಡೆಯುತ್ತಿದೆ. ದೇಶದ ಬೇರೆ ಬೇರೆ ವಲಯಗಳ ಆಸ್ಪತ್ರೆಗಳಿಂದ ಕಾಯಿಲೆ ಇರುವ 2,000, ಇಲ್ಲದ 2,000 ಹೆಂಗಸರನ್ನು ಸೇರಿಸಿಕೊಳ್ಳುವುದು ಅದರ ಗುರಿ. ಇಂಥ ಅಧ್ಯಯನಗಳಲ್ಲಿ ರಕ್ತದ ಮಾದರಿಯಷ್ಟೇ ಮುಖ್ಯ ಪ್ರಶ್ನಾವಳಿ. ನೋವು ಯಾವಾಗ ಶುರುವಾಯಿತು, ಎಲ್ಲಿ, ಎಷ್ಟು ದಿನ, ಮನೆಯಲ್ಲಿ ಬೇರೆ ಯಾರಿಗೆ. ಜಗತ್ತಿನ ಎಲ್ಲ ತಂಡಗಳೂ ಒಂದೇ ರೀತಿ ಕೇಳಲಿ ಎಂದು 2014ರಲ್ಲಿಯೇ ಒಂದು ಸಮಾನ ಪ್ರಶ್ನಾವಳಿ ತಯಾರಾಗಿದೆ. ನಾನು 17 ವರ್ಷದ ಹಿಂದೆ ಹಾರಿಕೆಯ ಉತ್ತರ ಕೊಟ್ಟ ಪ್ರಶ್ನೆಗೆ ವಿಜ್ಞಾನದಲ್ಲಿ ಇಷ್ಟು ಬೆಲೆಯಿದೆ.

ನಮ್ಮವರ ಡಿಎನ್‌ಎಯ ಸಾಮಾನ್ಯ ರೂಪ ಹೇಗಿದೆ ಎಂದು ಗೊತ್ತಿರದಿದ್ದರೆ ಯಾವುದು ಬದಲಾವಣೆ ಎಂದು ಹೇಳುವುದು ಕಷ್ಟ. ಆ ಕೊರತೆ ತುಂಬಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಸಂಯೋಜನೆಯಲ್ಲಿ ಜೀನೋಮ್ ಇಂಡಿಯಾ ಯೋಜನೆ ನಡೆಯಿತು. ದೇಶದ ಹಲವಾರು ಸಮುದಾಯಗಳ 10,000 ಜನರ ಜೀನೋಮ್ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಲಾಯಿತು. ಇದು ಎಂಡೊಮೆಟ್ರಿಯೋಸಿಸ್‌ಗೆಂದು ಮಾಡಿದ್ದಲ್ಲ, ಆದರೆ ಇಂಥ ಎಲ್ಲ ಹುಡುಕಾಟಕ್ಕೂ ಇದೇ ತಳಪಾಯ.

ಹಾಗಾದರೆ ಮಗಳಿಗೆ ಜೀನ್ ಟೆಸ್ಟ್ ಮಾಡಿಸಲೇ?

ನನ್ನ ಯಜಮಾನರು ಮೊದಲು ಕೇಳಿದ್ದು ಇದನ್ನೇ. ಉತ್ತರ: ಬೇಡ. ಈ ಕಾಯಿಲೆ ಇದೆಯೋ, ಬರುತ್ತದೋ ಎಂದು ನಂಬಿಕೆಯಿಂದ ಹೇಳುವ ಜೀನ್ ಪರೀಕ್ಷೆ ಇಂದು ಇಲ್ಲ. 42 ಜಾಗಗಳಲ್ಲಿ ಬಹುಪಾಲು ಅಕ್ಷರಭೇದಗಳು ಕಾಯಿಲೆ ಇಲ್ಲದವರಲ್ಲೂ ಬೇಕಾದಷ್ಟು ಇವೆ. ಎಂಜಲು ಕಳಿಸಿ, ಭವಿಷ್ಯ ಹೇಳುತ್ತೇವೆ ಎನ್ನುವ ಜಾಹೀರಾತು ಕಂಡರೆ ಶೇ. 5 ಎಂಬ ಅಂಕಿ ನೆನಪಿಟ್ಟುಕೊಳ್ಳಿ.

ಆದರೆ ದುಡ್ಡಿಲ್ಲದೆ ಸಿಗುವ ಒಂದು ಪರೀಕ್ಷೆ ಇದೆ. ಅದು ಮನೆಯವರನ್ನು ಕೇಳುವುದು. ಮನೆತನದಲ್ಲಿ ಇದೆ ಎಂದು ಗೊತ್ತಾದರೆ ಹುಡುಗಿಯ ನೋವನ್ನು ಡಾಕ್ಟರು ನೋಡುವ ರೀತಿ ಬೇರೆಯಾಗುತ್ತದೆ. ನೋವಿನ ಮಾತ್ರೆಗೂ ಹಾರ್ಮೋನಿಗೂ ಬಗ್ಗದ ಮುಟ್ಟಿನ ನೋವಿರುವ ಹದಿಹರೆಯದವರಿಗೆ ಲ್ಯಾಪರೋಸ್ಕೋಪಿ ಮಾಡಿದಾಗ, ಮೂವರಲ್ಲಿ ಕನಿಷ್ಠ ಇಬ್ಬರಲ್ಲಿ ಎಂಡೊಮೆಟ್ರಿಯೋಸಿಸ್ ಪತ್ತೆಯಾಗುತ್ತದೆ ಎಂದು ಅಮೆರಿಕದ ಸ್ತ್ರೀರೋಗ ತಜ್ಞರ ಸಂಘ 2018ರಲ್ಲಿ ಹೇಳಿದೆ. ಹಾಗೆಂದು ಎಲ್ಲರಿಗೂ ಆಪರೇಶನ್ ಬೇಕಾಗಿಲ್ಲ. ಲಕ್ಷಣ ಕೇಳಿ, ಸೋನೋಗ್ರಫಿ ಅಥವಾ ಎಂಆರ್‌ಐ ನೋಡಿ, ಔಷಧಿ ಶುರು ಮಾಡಬಹುದು ಎಂದು 2022ರ ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ಇನ್ನೊಂದು ಮಾತು. ಸೋನೋಗ್ರಫಿ ನಾರ್ಮಲ್ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲವೆಂದಲ್ಲ. ಪೊರೆಯ ಮೇಲಿನ ಸಣ್ಣ ಚುಕ್ಕೆಗಳು ಅದರಲ್ಲಿ ಕಾಣದೆ ಹೋಗಬಹುದು.

ಮಗಳನ್ನು ಕಳೆದ ತಿಂಗಳು ತಜ್ಞರ ಹತ್ತಿರ ಕರೆದೊಯ್ದೆ. ಅದೇ ಫಾರಂ, ಅದೇ ಪ್ರಶ್ನೆ. ಈ ಸಲ ಪರ್ಸಿನಿಂದ ನಕ್ಷೆ ತೆಗೆದುಕೊಟ್ಟೆ. ನನ್ನ ವೃತ್ತ ಪೂರ್ತಿ ಕಪ್ಪು. ಅತ್ತೆಯದಕ್ಕೆ ಅರ್ಧ ಗೆರೆ ಹಾಕಿ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇಟ್ಟಿದ್ದೆ. ಡಾಕ್ಟರು ಬರೆದುಕೊಟ್ಟ ದಾಖಲೆ ಇಲ್ಲದೆ ಪೂರ್ತಿ ತುಂಬಲು ನನಗೆ ಅಧಿಕಾರವಿಲ್ಲ. ತಜ್ಞೆ ಅದನ್ನು ನೋಡಿ, ಮಗಳನ್ನು ಅರ್ಧ ಗಂಟೆ ಕೂರಿಸಿ ಮಾತಾಡಿಸಿದರು. ನನಗೆ ಆ ಅರ್ಧ ಗಂಟೆ ಸಿಗಲು 15 ವರ್ಷ ಹಿಡಿದಿತ್ತು. ಸದ್ಯಕ್ಕೆ ಔಷಧಿ ನಡೆಯುತ್ತಿದೆ, ಮೂರು ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ. ಎಂಡೊಮೆಟ್ರಿಯೋಸಿಸ್ ಎಂದು ಇನ್ನೂ ಖಚಿತವಾಗಿಲ್ಲ. ಮಗಳ ವೃತ್ತವನ್ನು ನಾನು ಹಾಗೆಯೇ ಬಿಟ್ಟಿದ್ದೇನೆ.

ಇದನ್ನು ಬರೆಯಲೇ ಎಂದು ಅವಳನ್ನೇ ಕೇಳಿದೆ. "ಹೆಸರು ಹಾಕಬೇಡ, ಉಳಿದದ್ದೆಲ್ಲ ಬರಿ" ಎಂದಳು. ದೊಡ್ಡಮ್ಮ ಹೇಳಿದ ಸಂಬಂಧದ ಮಾತನ್ನೂ ಅವಳಿಗೆ ತಿಳಿಸಿದೆ. "ಅಷ್ಟಕ್ಕೆ ಬಿಟ್ಟುಹೋಗುವವರು ಬೇಡ ಬಿಡು" ಎಂದು ಮೊಬೈಲ್ ಹಿಡಿದು ಒಳಗೆ ಹೋದಳು.

ಈ ರಜೆಗೆ ನಿಮ್ಮಲ್ಲಿ ಎಷ್ಟೋ ಮಂದಿ ಮತ್ಸ್ಯಗಂಧ ಹತ್ತಿ ಊರಿಗೆ ಹೋಗುವವರಿದ್ದೀರಿ. ಹೋದಾಗ ಅಮ್ಮನನ್ನು ಕೇಳಿ, ಅತ್ತೆಯನ್ನೂ ಮರೆಯದೆ ಕೇಳಿ. ಗಂಡಸರೇ, ನಿಮ್ಮ ಅಕ್ಕತಂಗಿಯರನ್ನು ನೀವೂ ಕೇಳಿ, ನಿಮ್ಮ ಮಗಳ ಅರ್ಧ ಉತ್ತರ ನಿಮ್ಮ ಕಡೆಯಿದೆ. ಹಳೆಯ ಆಸ್ಪತ್ರೆಯ ಚೀಟಿ ಯಾವುದಾದರೂ ಕಪಾಟಿನಲ್ಲಿದ್ದರೆ ಎಸೆಯಬೇಡಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ನಮ್ಮ ಅತ್ತೆಯ ಚೀಟಿ ಯಾವುದೋ ಮಳೆಗಾಲದಲ್ಲಿ ಒದ್ದೆಯಾಗಿ ಹೋಯಿತಂತೆ.